ಅಪ್ಪ ಮೀಸೆ ತೆಗೆಸಿದ್ದು

ನಾನು ಹುಟ್ಟುವಾಗಲೇ ಮೇಲ್ದುಟಿ ಎರಡೂ ಕಡೆ ಸೀಳಿತ್ತು. ಸುರಪುರದ ಹತ್ತಿರದ ನಮ್ಮ ಕುರಿಗಾರರ ಊರಲ್ಲಿ ಗ್ರಹಣ ಹಿಡಿದದ್ದು ಅಂದರು, ಅಲ್ಲಿಗೆ ಮುಗಿಯಿತು. ಹನ್ನೆರಡು ತುಂಬುವಷ್ಟರಲ್ಲಿ ಬಾಯಿಗೆ ಬಟ್ಟೆ ಅಡ್ಡ ಹಿಡಿಯದೆ ನಾನು ಬಾವಿಗೂ ಹೋಗುತ್ತಿರಲಿಲ್ಲ.

ನಿಜಾಮರ ಆಳ್ವಿಕೆ ಆಗಷ್ಟೇ ಮುಗಿದಿತ್ತು. ಆದರೂ ನಮಗೆ ದೊಡ್ಡ ದವಾಖಾನೆ ಎಂದರೆ ಹೈದರಾಬಾದೇ. ಅಲ್ಲಿ ಇಂಥ ತುಟಿ ಹೊಲಿಯುತ್ತಾರೆಂಬ ಸುದ್ದಿಯನ್ನು ಅಪ್ಪ ಯಾದಗಿರಿ ಸಂತೆಯಿಂದ ತಂದ. ಉಣ್ಣಲು ಬರುತ್ತದಲ್ಲ, ಚೆಂದಕ್ಕಾಗಿ ಮುಖ ಕೊಯ್ಸುತ್ತಾರೇನು ಎಂದು ಮುತ್ಯಾ, ಅಂದರೆ ಅಪ್ಪನ ಅಪ್ಪ, ರೇಗಿದ. ಅಪ್ಪ ಅವನಿಗೆ ಎದುರಾಡಿದವನಲ್ಲ. ಅವತ್ತು ಮಾತ್ರ ಅಂದ:

"ಉಣ್ಣಾಕ ಬರ್ತದ, ಖರೆ. ಮಂದಿ ಮುಂದ ನಗಾಕ ಬರಂಗಿಲ್ಲ."

ಯಾದಗಿರಿಯಲ್ಲಿ ರೈಲು ಹತ್ತಿ ಹೋದೆವು. ಡಾಕ್ಟರರು ನನ್ನ ಗದ್ದ ಹಿಡಿದು ಅತ್ತಿತ್ತ ತಿರುಗಿಸಿ ಬಹಳ ಹೊತ್ತು ನೋಡಿದರು. ಒಂದೇ ಕಡೆ ಸೀಳಿದ್ದರೆ ಇನ್ನೊಂದು ಕಡೆ ನೋಡಿ ಹೊಂದಿಸಬಹುದಿತ್ತು, ಇಲ್ಲಿ ಮಾದರಿಯೇ ಇಲ್ಲ, ಬರೀ ಮುಚ್ಚಿದರೆ ಸಾಲದು, ಮುಖಕ್ಕೆ ಒಪ್ಪಬೇಕು ಎಂದು ಉರ್ದುವಿನಲ್ಲಿ ಹೇಳಿದರು. ಮಗುವಿನ ಕಣ್ಣು ಮೂಗು ನಿನ್ನವೇ, ನಿನ್ನ ತುಟಿ ಹೇಗಿದೆ ಎಂದು ಅಪ್ಪನನ್ನು ಕೇಳಿದರು.

ಅಪ್ಪನ ತುಟಿಯನ್ನು ನಾನೂ ಕಂಡಿರಲಿಲ್ಲ. ಅದು ಪೊದೆ ಮೀಸೆಯೊಳಗಿತ್ತು. ನಮ್ಮಲ್ಲಿ ಗಂಡಸು ಮೀಸೆ ತೆಗೆಸುವುದು ತಂದೆ ಸತ್ತಾಗ ಮಾತ್ರ. ತಂದೆ ಬದುಕಿರುವಾಗ ತೆಗೆಸಿದರೆ ಅವನ ಸಾವು ಬಯಸಿದಂತೆ. ಅಪ್ಪ ಎದ್ದು ಹೊರಗೆ ಹೋದ. ಗೇಟಿನ ಬಳಿ ಕೂತಿದ್ದ ಕ್ಷೌರದವನಿಗೆ ಮುಖ ಕೊಟ್ಟು ಬಂದ. ಡಾಕ್ಟರರು ಆ ತುಟಿಯ ಚಿತ್ರವನ್ನು ಕಾಗದದ ಮೇಲೆ ಬರೆದುಕೊಂಡು, ಅದರಂತೆ ನನ್ನ ತುಟಿ ಹೊಲಿದರು. ಹೊಲಿಗೆ ಬಿಚ್ಚುವವರೆಗೂ ಹೋಲಿಸಿ ನೋಡಲೆಂದು ಅಪ್ಪನ ಮೀಸೆ ಬೆಳೆಯಲು ಬಿಡಲಿಲ್ಲ.

ಆ ಡಾಕ್ಟರರನ್ನು ಮತ್ತೆ ನೋಡಲಿಲ್ಲ. ಅವರು ಹಾಕಿದ ಹೊಲಿಗೆಯ ಗೀರು ಇವತ್ತಿಗೂ ಇದೆ. ಕನ್ನಡಿಯಲ್ಲಿ ಕಂಡಾಗಲೆಲ್ಲ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ವಾಪಸು ಬರುವಾಗ, ಶಹಾಪುರಕ್ಕೆ ಕೊಟ್ಟಿದ್ದ ನಮ್ಮ ಸೋದರತ್ತೆ ಅಲ್ಲಿ ಬಸ್ಸಿನ ಹತ್ತಿರ ಕಾದಿದ್ದಳು. ಅಣ್ಣನ ಬೋಳು ತುಟಿ ಕಂಡದ್ದೇ ಎದೆ ಬಡಿದುಕೊಂಡು ಅಳತೊಡಗಿದಳು. ಮುತ್ಯಾನಿಗೆ ಏನೂ ಆಗಿಲ್ಲವೆಂದು ಅಪ್ಪ ಎಷ್ಟು ಹೇಳಿದರೂ ನಂಬಲಿಲ್ಲ. ನಮ್ಮ ಜೊತೆಗೇ ಹೊರಟು, ದಾರಿಯುದ್ದಕ್ಕೂ ಮುತ್ಯಾನ ಗುಣ ಹಾಡಿ ಹಾಡಿ ಅತ್ತಳು. ಊರಿಗೆ ಬಂದರೆ ಆತ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದ. ಅಷ್ಟೆಲ್ಲ ಅತ್ತ ಸಿಟ್ಟನ್ನು ಅತ್ತೆ ಅವನ ಮೇಲೆಯೇ ತೀರಿಸಿಕೊಂಡಳು.

ಮುತ್ಯಾ ಮಗನ ಮುಖ ನೋಡಿದ. ಕದಿರು ತಿರುಗಿಸುವ ಕೈ ನಿಂತಿತು.

"ನಾ ಇನ್ನಾ ಜೀವಂತ ಅದೀನಿ," ಅಂದ.

ಅಪ್ಪ ನನ್ನನ್ನು ಮುಂದಕ್ಕೆ ತಳ್ಳಿದ. ಹೆದರಿ ಬಾಯಿಗೆ ಹಿಡಿದಿದ್ದ ನನ್ನ ಬಟ್ಟೆಯನ್ನು ಮುತ್ಯಾ ಸರಿಸಿದ. ನನ್ನ ತುಟಿ ನೋಡಿದ, ಅಪ್ಪನ ತುಟಿ ನೋಡಿದ, ಮತ್ತೆ ನನ್ನದನ್ನು ನೋಡಿದ. ಅವನ ಕಣ್ಣು ತುಂಬಿತು.

"ಇದು ನಮ್ಮವ್ವನ ತುಟಿ," ಅಂದ. "ಆಕಿ ಹೋದ ಮ್ಯಾಲ ನೋಡೇ ಇದ್ದಿಲ್ಲ."

ಆಮೇಲೆ ಅಪ್ಪನ ಕಡೆ ತಿರುಗಿ, "ಮೀಸಿ ಬೆಳಿತದ ಬಿಡು," ಅಂದ.