ಊಟ ಮಾಡಿದ್ರಾ?

ನಿನ್ನೆ ಕತ್ರಿಗುಪ್ಪೆಯ ಝೆರಾಕ್ಸ್ ಅಂಗಡಿಯಿಂದ ಹೊಸ ನಾಟಕದ ಪ್ರತಿ ತಂದೆ. ಆ ಬಿಸಿ ಕಾಗದದ ವಾಸನೆ ನಿಮಗೂ ಗೊತ್ತಿರುತ್ತದೆ. ಹಾಲ್‌ಟಿಕೆಟ್ಟಿಗೂ ಬಾಡಿಗೆ ಕರಾರಿಗೂ ಅದೇ ವಾಸನೆ. ನನಗೆ ಮಾತ್ರ ಅದು ನನ್ನ ಮೊದಲ ನಾಟಕವನ್ನು ನೆನಪಿಸುತ್ತದೆ, ಅದರಿಂದ ನಾನು ಇನ್ನೇನು ಹೊರಬೀಳಲಿದ್ದುದನ್ನೂ.

ಜಯನಗರದ ಒಂದು ಮನೆಯ ತಾರಸಿಯಲ್ಲಿ ತಾಲೀಮು. ನನ್ನದು ತಂಗಿಯ ಪಾತ್ರ. ಅಪ್ಪ ಸತ್ತಾಗಲೂ ಬಾರದ ಅಣ್ಣ, ವರ್ಷ ಕಳೆದ ಮೇಲೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ತಂಗಿ ಕೇಳುವುದು ಇಷ್ಟೇ: "ಊಟ ಮಾಡಿದ್ಯಾ?" ಅವಳ ಸಿಟ್ಟೆಲ್ಲ ಅದರಲ್ಲೇ ಕೇಳಿಸಬೇಕು. ನನ್ನ ಬಾಯಲ್ಲಿ ಅದು ಹತ್ತು ತಾಲೀಮಿನಲ್ಲೂ ಪಕ್ಕದ ಮನೆಯವರ ಕುಶಲಪ್ರಶ್ನೆಯಾಯಿತು. ಲೆಕ್ಕ ಡೈರಿಯಲ್ಲಿದೆ.

ಪಾತ್ರದ ಹಿಂದಿನ ಬದುಕನ್ನು ಕಟ್ಟಿಕೊಂಡು ಬಾ ಎಂದರು ನಿರ್ದೇಶಕಿ ಸುಮಿತ್ರಾ ಮೇಡಂ. ಕಟ್ಟಿದೆ. ಸಂಖ್ಯೆ ಹಾಕಿ ನಲವತ್ತೊಂದು ಅಂಶ: ತಂಗಿ ಹುಟ್ಟಿದ ವಾರ, ಚಪ್ಪಲಿಯ ಅಳತೆ, ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಬಂದ ಅಂಕ. ಮೇಡಂ ಕನ್ನಡಕ ಏರಿಸಿ ಪೂರ್ತಿ ಓದಿದರು.

"ಇದು ಜಾತಕ ಕಣೇ, ಪಾತ್ರ ಅಲ್ಲ. ಇವಳಿಗೆ ಎಲ್ಲಿ ನೋವಾಗಿದೆ? ಭಾನುವಾರದೊಳಗೆ ಅದು ಸಿಗ್ಲಿಲ್ಲ ಅಂದ್ರೆ ಪಾತ್ರ ಬೇರೆಯವ್ರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಂಡೆ. ಶನಿವಾರದೊಳಗೆ ಇನ್ನೂ ಒಂಬತ್ತು ಅಂಶ ಸೇರಿಸಿದೆ. ನನ್ನ ಬುದ್ಧಿ ಓಡುವುದೇ ಹಾಗೆ.

ಅಣ್ಣನಾಗಿದ್ದವರು ಮಲ್ಲಿಕಾರ್ಜುನ. ಧಾರವಾಡದ ಕಡೆಯವರು, ಬಿಟಿಎಂನಲ್ಲಿ ಬಾಡಿಗೆಗಿದ್ದರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ನಾಟಕದ ಹೊರಗೆ ಅವರನ್ನು 'ನೀವು' ಎನ್ನುತ್ತಿದ್ದೆ. ಭಾನುವಾರದ ತಾಲೀಮಿನಲ್ಲಿ ಅಂಜಿಕೆಯಿಂದ ಅದೇ ನಾಲಿಗೆಗೆ ಬಂತು. ಬಾಗಿಲಲ್ಲಿ ನಿಂತ ಅಣ್ಣನಿಗೆ, "ಊಟ ಮಾಡಿದ್ರಾ?" ಎಂದುಬಿಟ್ಟೆ.

ಮಲ್ಲಿಕಾರ್ಜುನರ ಮುಖ ಇಳಿದುಹೋಯಿತು. ನಾಟಕದಲ್ಲಿಲ್ಲದ ಮಾತು, ಅವರ ಊರಿನ ಧಾಟಿಯಲ್ಲೇ ಹೊರಬಂತು: "ನನಗೂ 'ರೀ' ಹಚ್ಚಿ ಮಾತಾಡ್ಲಿಕ್ಕತ್ತಿಯೇನ?"

ನೋವು ಎಲ್ಲಿದೆಯೆಂದು ಆಗ ತಿಳಿಯಿತು. ಹೆಗಲ ಮೇಲೆ ಹೊತ್ತು ಆಡಿಸಿದವನು ಈಗ ನೆಂಟ. ನೆಂಟರನ್ನು ಬೈಯುವಂತಿಲ್ಲ, ಊಟಕ್ಕೆ ಕೇಳಬೇಕಷ್ಟೆ. ನನ್ನ ಐವತ್ತು ಅಂಶಗಳಲ್ಲಿ ಇದಿರಲಿಲ್ಲ. ಅವರ ಮುಖ ನೋಡದೆ, "ಕೈ ತೊಳ್ಕೊಳ್ಳಿ" ಎಂದೆ. ಹತ್ತು ತಾಲೀಮಿನಲ್ಲಿ ಬಾರದ ಸಿಟ್ಟು ಅದರಲ್ಲಿ ಕೇಳಿಸಿತು.

ಮೇಡಂ ತಮ್ಮ ಪ್ರತಿಯಲ್ಲಿ 'ಮಾಡಿದ್ಯಾ' ಹೊಡೆದು 'ಮಾಡಿದ್ರಾ' ಎಂದು ಬರೆದರು. "ಪಾತ್ರ ನಿಂದೇ. ಗುರುಬಲ ಚೆನ್ನಾಗಿದೆ. ಆದ್ರೆ ತಪ್ಪಿ ಬಂದಿದ್ದನ್ನ ಇನ್ಮೇಲೆ ಬೇಕೂಂತ ತರ್ಬೇಕು, ಅದು ಕಷ್ಟ."

ಆರು ಪ್ರದರ್ಶನಗಳಲ್ಲಿ ನಾಲ್ಕರಲ್ಲಿ ಬಂತು.

ಇವತ್ತು ಬೆಳಿಗ್ಗೆ ಹೊಸ ಪಾತ್ರಕ್ಕೆ ಸಂಖ್ಯೆ ಹಾಕುತ್ತ ಕೂತಿದ್ದೆ. ಅಡುಗೆಮನೆಯಿಂದ ಅಮ್ಮ, "ತಿಂಡಿಗೆ ಬರ್ತೀರೋ, ಅಲ್ಲಿಗೇ ತಂದ್ಕೊಡ್ಲೋ ಮೇಡಂ?" ಎಂದಳು. ಮೊದಲಾಗಿದ್ದರೆ ನಕ್ಕು ಬರವಣಿಗೆ ಮುಂದುವರಿಸುತ್ತಿದ್ದೆ. ಏಳನೆಯ ಅಂಶವನ್ನು ಅರ್ಧಕ್ಕೆ ಬಿಟ್ಟು ಹೋಗಿ ಅವಳ ಪಕ್ಕ ನಿಂತೆ.

"ಏನಾಯ್ತಮ್ಮ?"

ಅವಳು ದೋಸೆ ಮಗುಚಿದಳು. "ಮೂರು ದಿನದಿಂದ ಹೇಳ್ಬೇಕು ಅಂತಿದೀನಿ," ಎಂದಳು. "ಕೂತ್ಕೋ."