ದೊಡ್ಡಪ್ಪನ ಬೆಳಗಿನ ಮಾತ್ರೆ

ನಮ್ಮ ಹಟ್ಟಿಯಲ್ಲಿ ಯಾರು ತೀರಿಕೊಂಡರೂ ಹೆಣದ ಪಕ್ಕ ನಿಂತು ಅವರ ಪಾಪ ಕಳೆಯಲೆಂದು ಅವನ್ನೆಲ್ಲ ಹೇಳಿ ಬೀಳ್ಕೊಡುವುದು ದೊಡ್ಡಪ್ಪನ ಕೆಲಸ. ಸತ್ತವರು ಮಾಡಿರಲಿ ಬಿಡಲಿ, ಪಾಪಗಳು ಎಲ್ಲರಿಗೂ ಅವೇ. ಗಡಿಕಲ್ಲು ಸರಿಸಿದ್ದು, ಅಣ್ಣತಮ್ಮಂದಿರ ನಡುವೆ ಜಗಳ ಹಚ್ಚಿದ್ದು, ಹೀಗೆ ಉದ್ದಕ್ಕೂ. ಒಂದೊಂದಕ್ಕೂ ನೆರೆದವರು "ಪಾಪ" ಎನ್ನಬೇಕು. ಎಲ್ಲವೂ ಬಾಯಿಪಾಠ. ಚೀಟಿ ನೋಡಿ ಓದುವುದು ದೊಡ್ಡಪ್ಪನಿಗೆ ಮರ್ಯಾದೆಗೇಡು.

ಹೋದ ವರ್ಷ ಒಂದು ಸಾವಿನಲ್ಲಿ ಅವರು ನಡುವೆಯೇ ತಡವರಿಸಿ ನಿಂತರು. ಪಕ್ಕದವರು ಮುಂದಿನ ಸಾಲು ಎತ್ತಿಕೊಟ್ಟರು. ಆಮೇಲೆ ದೊಡ್ಡಪ್ಪ ನಮ್ಮ ಟೀ ತೋಟದ ಕಡೆ ತಲೆ ಹಾಕಲಿಲ್ಲ. ಆಯಾಸ ಎಂದರು. ಅವಮಾನಕ್ಕೂ ನಮ್ಮ ಮನೆಯಲ್ಲಿ ಅದೇ ಹೆಸರು.

ಊಟಿಯ ಡಾಕ್ಟರು ಪರೀಕ್ಷೆ ಮಾಡಿ, ವಿಟಮಿನ್ ಬಿ-1ರಿಂದ ತಯಾರಿಸಿದ ಮಾತ್ರೆ ಬರೆದರು. ಆಯಾಸಕ್ಕೆ ಕೆಲವರಿಗೆ ಗುಣ ಕಾಣುತ್ತದೆ, ನೆನಪಿನ ವಿಷಯದಲ್ಲಿ ಭರವಸೆ ಕೊಡಲಾರೆ, ಬೆಳಿಗ್ಗೆ ಮಾತ್ರ ತೆಗೆದುಕೊಳ್ಳಿ ಎಂದರು. ದೊಡ್ಡಪ್ಪ ಚುರುಕಾದರು, ಮತ್ತೆ ತೋಟಕ್ಕೆ ಹೋದರು. ಆದರೆ ಸಾವಿನ ಸುದ್ದಿ ಬಂದಾಗಲೆಲ್ಲ ಹೆಚ್ಚಿಗೆ ನುಂಗತೊಡಗಿದರು. ಊರವರ ಪಾಪ ನೆನಪಿಡಲು ಮಾತ್ರೆ! ನಾನು ಬೈದರೆ ಒಂದೇ ಮಾತು.

"ವಿಟಮಿನ್ ತಾನೆ, ಅದು ಏನ ಮಾಡೀತು?"

ಮಾಡಿತು. ನಿದ್ದೆ ಹಾರಿಹೋಯಿತು, ತಲೆನೋವು ಬಂತು, ಮಾತುಮಾತಿಗೂ ದೊಡ್ಡಮ್ಮನ ಮೇಲೆ ಸಿಡಿಮಿಡಿ. ನಿದ್ದೆಗೆಟ್ಟ ತಲೆಯಲ್ಲಿ ನೆನಪು ನಿಲ್ಲುವುದಾದರೂ ಹೇಗೆ? ಡಾಕ್ಟರು ಮಾತ್ರೆ ನಿಲ್ಲಿಸಿದರು. ವಿಟಮಿನ್ನಿಂದ ಬಂದಿದ್ದರೂ ಇದು ಔಷಧಿ, ಮನಸ್ಸಿಗೆ ಬಂದಷ್ಟು ತಿನ್ನುವಂಥದ್ದಲ್ಲ ಎಂದರು. ನಿದ್ದೆ ಮರಳಿತು. ಮರೆವು ಹಾಗೆಯೇ ಉಳಿಯಿತು.

ಈ ಮಳೆಗಾಲದಲ್ಲಿ ದೊಡ್ಡಮ್ಮ ತೀರಿಕೊಂಡರು. ಈ ಸಲ ಬೇರೆಯವರು ಹೇಳಲಿ ಎಂದು ಎಲ್ಲರೂ ಅಂದರು. ದೊಡ್ಡಪ್ಪ ಕೇಳಲಿಲ್ಲ. ಹೆಂಡತಿಯ ಎದುರಿನಲ್ಲೇ ತಪ್ಪಿಬಿಟ್ಟರೆ ಆ ಮನುಷ್ಯ ಮತ್ತೆ ತಲೆಯೆತ್ತುವುದಿಲ್ಲ ಎಂದು ನನಗೆ ಭಯವಾಯಿತು.

ಶುರುವಿನಿಂದ ಸರಾಗವಾಗಿ ಹೇಳುತ್ತಾ ಬಂದರು. ನಾವು "ಪಾಪ" ಎನ್ನುತ್ತಾ ಬಂದೆವು. ಇದ್ದಕ್ಕಿದ್ದಂತೆ ನಿಂತರು. ಪಕ್ಕದವರು ಬಗ್ಗಿ ಮೆಲ್ಲಗೆ ಮುಂದಿನ ಸಾಲು ಎತ್ತಿಕೊಟ್ಟರು: ಹಸಿದು ಬಂದವರನ್ನು ಬಾಗಿಲಿಂದ ಓಡಿಸಿದ್ದು.

ದೊಡ್ಡಪ್ಪ ಅಡ್ಡಡ್ಡ ತಲೆಯಾಡಿಸಿದರು.

"ಆ ಸಾಲು ಎನಗ ಗೊತ್ತು. ಅವಳು ಅದ ಮಾಡಿಲ್ಲೆ."