ಬೀಗದೊಳಗಿನ ಬಾಣಂತಿ

ನನ್ನ ಸೋದರಮಾವ ಬೀಗ ಸರಿಮಾಡುವವರು. ಬೀದಿಗೆಲ್ಲ ಅವರು ಬೀಗದ ಮಾವ. ಕೀಲಿ ಕಳೆದುಕೊಂಡವರಿಗೆ, ಮಗು ಒಳಗಿನಿಂದ ಚಿಲಕ ಹಾಕಿಕೊಂಡಿತೆಂದು ಓಡಿ ಬಂದವರಿಗೆ ಅವರೇ ಗತಿ. ಬೀಗದ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಬಗ್ಗಿಸಿದ ಕಂಬಿಯನ್ನು ಒಳಗೆ ತೂರಿಸಿ, "ಬಾರಮ್ಮ, ಹಠ ಮಾಡ್ಬೇಡ" ಎಂದು ಪುಸಲಾಯಿಸುತ್ತಾರೆ. ಬೀಗ ಬಾಯಿ ಬಿಡುತ್ತದೆ. ಅದಾದ ಮೇಲೆ ಮಾವನ ಬಾಯಿ ಮುಚ್ಚಿಸುವವರು ಯಾರೂ ಇಲ್ಲ. "ನಾನು ತೆಗೀದೆ ಇರೋ ಬೀಗ ಇನ್ನೂ ಹುಟ್ಟಿಲ್ಲ" ಎನ್ನುವುದು ಅವರ ಪಲ್ಲವಿ. ಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯಲು ಮಾತ್ರ ಅತ್ತೆಯನ್ನು ಕೂಗುತ್ತಾರೆ.

ಅತ್ತೆಯ ಲೋಕ ಹಿತ್ತಲು. ಅಲ್ಲಿ ಅವರ ಗುಲಾಬಿ ಗಿಡಗಳು, ಮೋಟುಗೋಡೆಯ ಆಚೆ ಅವರ ಜೀವದ ಗೆಳತಿ ಟೈಲರಕ್ಕ. ಮಧ್ಯಾಹ್ನದ ಊಟ ಮುಗಿಯುತ್ತಲೇ ಟೈಲರಕ್ಕ ಒಂದು ಪುಟ್ಟ ಡಬ್ಬಿಯನ್ನು ಗೋಡೆಯ ಮೇಲಿಡುತ್ತಿದ್ದರು. ಅದರ ತುಂಬ ಸೂಜಿಗಳು. ಅತ್ತೆ ಒಂದೊಂದಕ್ಕೂ ದಾರ ಪೋಣಿಸಿ ವಾಪಸು ಕೊಡುತ್ತಿದ್ದರು. ಟೈಲರಕ್ಕನ ಕಣ್ಣು ಮಂಜಾಗುತ್ತ ಬಂದಿತ್ತು. ಬಟ್ಟೆಯನ್ನೇನೋ ಕೈಯಂದಾಜಿನಲ್ಲೇ ಕತ್ತರಿಸಿಬಿಡುತ್ತಿದ್ದರು, ಸಣ್ಣದೇನೂ ಕಾಣುತ್ತಿರಲಿಲ್ಲ. ಗಿರಾಕಿಗಳಿಗೆ ಗೊತ್ತಾದರೆ ಬಟ್ಟೆ ಕೊಡುವವರು ಯಾರು? ಹಾಗಾಗಿ ಆ ಗುಟ್ಟು ಹಿತ್ತಲು ದಾಟಿರಲಿಲ್ಲ. ಹಿತ್ತಲಲ್ಲಿ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುವ ನನಗೆ ಗೊತ್ತಿತ್ತು, ಅಷ್ಟೇ.

ಮಾವ ಜ್ವರ ಬಂದು ಮಲಗಿದ್ದ ವಾರದಲ್ಲಿ ಗ್ರಹಚಾರ ಕೆಟ್ಟಿತು. ಅತ್ತೆಯ ಗುಲಾಬಿ ಎಲೆಗಳಲ್ಲಿ ತೂತು ಬಿದ್ದವು. ಹುಳ ತಿಂದ ಹರಕು ತೂತಲ್ಲ. ಅಂಚಿನಿಂದ ಒಳಕ್ಕೆ, ಅಂಗಿಯ ಗುಂಡಿಯಷ್ಟು, ದುಂಡಗೆ, ನೀಟಾಗಿ ಕತ್ತರಿಸಿದ್ದು.

"ಇದು ಕತ್ತರಿ ಕೆಲಸ" ಎಂದರು ಅತ್ತೆ. ಕತ್ತರಿ ಇದ್ದದ್ದು ಗೋಡೆಯ ಆಚೆ. ಸಾಲದ್ದಕ್ಕೆ ಹಿಂದಿನ ವಾರವಷ್ಟೇ ಟೈಲರಕ್ಕ, "ನಿನ್ನ ಗಿಡ ನನ್ನ ಬಿಸಿಲನ್ನೆಲ್ಲ ತಿಂತಾ ಇದೆ, ಒಂದಿನ ಕತ್ತರಿಸಿಹಾಕ್ತೀನಿ ನೋಡು" ಎಂದು ತಮಾಷೆ ಮಾಡಿದ್ದರು.

"ಬಾಯಿಬಿಟ್ಟು ಕೇಳಿದ್ರೆ ಗಿಡಾನೇ ಕೊಡ್ತಿದ್ನಲ್ಲೇ! ಕದ್ದು ಕತ್ತರಿಸ್ಬೇಕಿತ್ತಾ?" ಎಂದು ಅತ್ತೆ ಬೀದಿಗೆಲ್ಲ ಕೇಳಿಸುವಂತೆ ಕೂಗಿದರು. ಟೈಲರಕ್ಕನ ಬಾಗಿಲಲ್ಲಿ ಇಬ್ಬರು ಗಿರಾಕಿಗಳಿದ್ದರು. ಟೈಲರಕ್ಕ ಏನೋ ಹೇಳಲು ಬಾಯಿ ತೆರೆದು, ಗಿರಾಕಿಗಳ ಮುಖ ನೋಡಿ, ಹಾಗೇ ಮುಚ್ಚಿಕೊಂಡು ಒಳಗೆ ಹೋದರು. ಮರುದಿನ ಡಬ್ಬಿ ಬರಲಿಲ್ಲ. ಅತ್ತೆ ಮಧ್ಯಾಹ್ನವಿಡೀ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು.

ಜ್ವರ ಬಿಟ್ಟು ಮಾವ ಅಂಗಡಿಗೆ ಹೋದರು. ಎರಡು ಮೂರು ದಿನ ಕಳೆದು ಒಂದು ಮಧ್ಯಾಹ್ನ ನಾನು ಊಟದ ಕ್ಯಾರಿಯರ್ ಹಿಡಿದು ಹೋದರೆ ಮುಂಬಾಗಿಲು ಮುಚ್ಚಿತ್ತು. ಹಿಂದಕ್ಕೆ ಹೋಗಿ ನೋಡುತ್ತೇನೆ, ಕಿಟಕಿಯಲ್ಲಿ ಎರಡು ಕಾಲು ಗಾಳಿಯಲ್ಲಿ ಒದ್ದಾಡುತ್ತಿವೆ! ಕಳ್ಳ ಎಂದು ಕಿರುಚಬೇಕು, ಅಷ್ಟರಲ್ಲಿ ಚಪ್ಪಲಿಯ ಗುರುತು ಸಿಕ್ಕಿತು.

"ಕೂಗ್ಬೇಡ ಕಣೇ, ಮಾನ ಹೋಗುತ್ತೆ! ಹಿಂದಿಂದ ಸ್ವಲ್ಪ ತಳ್ಳು!" ಎಂದಿತು ಕಿಟಕಿಯ ಒಳಗಿನ ಅರ್ಧ ಮಾವ.

ತಳ್ಳಿದೆ. ಆಮೇಲೆ ವಿಷಯ ಹೊರಬಿತ್ತು. ಆ ಬಾಗಿಲಿಗೆ ಇದ್ದದ್ದು ಮಾವನ ತಂದೆ ಕೈಯಾರೆ ಮಾಡಿದ ದಪ್ಪ ಬೀಗ. ಕೀಲಿ ಅಂಗೈಯುದ್ದ, ಅದರ ರಂಧ್ರದಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು. ಈಗ ಕೀಲಿ ಹೋಗುತ್ತಿರಲಿಲ್ಲ. ಮೊದಲ ದಿನ ಕಂಬಿ ಹಾಕಿ ಕೆದಕಿದಾಗ ಹಸಿರು ಎಲೆಯ ತುಂಡೊಂದು ಬಂದಿತ್ತಂತೆ, ಅದನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದರು. "ಯಾವನೋ ಹೊಟ್ಟೆಕಿಚ್ಚಿಗೆ ತುರುಕಿದಾನೆ" ಎಂದು ಹಲ್ಲು ಕಡಿದರು. ಒಳಗಿನಿಂದ ತಿರುಪು ಬಿಚ್ಚಿದರೆ ಬೀಗ ಕೈಗೆ ಬರುತ್ತಿತ್ತು. ಆದರೆ ತಿರುಪು ಬಿಚ್ಚುವುದೆಂದರೆ ಸೋತೆ ಅಂತ. ಅದಕ್ಕೆ ಮಾವ, ಬಾಗಿಲಿಗೆ ಬಣ್ಣ ಹಚ್ಚಿದೆ, ಮುಟ್ಟಬೇಡಿ ಎಂದು ಬಂದವರಿಗೆಲ್ಲ ಹೇಳಿ, ಹಿಂದಿನ ಕಿಟಕಿಯಿಂದ ಒಳಗೆ ನುಸುಳಿ, ಬಾಗಿಲ ಪಕ್ಕದ ಕಿಟಕಿಯಿಂದಲೇ ವ್ಯಾಪಾರ ನಡೆಸುತ್ತಿದ್ದರು.

ನಾನು ಹೊರಗೆ ನಿಂತು ಕಾದೆ. ಸ್ವಲ್ಪ ಹೊತ್ತಿಗೆ ಒಂದು ಜೇನ್ನೊಣ ಬಂತು. ಹೊಟ್ಟೆಯ ಕೆಳಗೆ ದುಂಡಗಿನ ಹಸಿರು ಎಲೆಚೂರು, ಚಾಪೆ ಸುತ್ತಿಕೊಂಡು ಹೊರಟವರ ಹಾಗೆ. ಸೀದಾ ಬೀಗದ ರಂಧ್ರಕ್ಕೆ ನುಗ್ಗಿತು.

"ಅಯ್ಯೋ, ಗೂಡು ಕಟ್ಟಿದ್ರೆ ಅಂಗಡೀಲಿ ತುಪ್ಪ ಸೋರುತ್ತಲ್ಲೇ!"

"ಇದು ತುಪ್ಪದ ಜೇನಲ್ಲ ಮಾವ. ಒಂಟಿ ಜೇನು."

ಶಾಲೆಯಲ್ಲಿ ಯಾರೂ ಕಿವಿಗೊಡದ ಪಾಠವನ್ನು ಕಿಟಕಿಯಲ್ಲಿ ಮಾವನ ತಲೆಗೆ ತುಂಬಿದೆ. ಜೇನೆಂದರೆ ಜೇನುಹುಟ್ಟು, ರಾಣಿ, ಆಳುಕಾಳು ಎಂದೇ ನಾವು ತಿಳಿದಿದ್ದೇವೆ. ಆದರೆ ಜೇನ್ನೊಣಗಳ ಸಾವಿರಾರು ಜಾತಿಗಳಲ್ಲಿ ಹೆಚ್ಚಿನವಕ್ಕೆ ರಾಣಿಯೂ ಇಲ್ಲ, ದಂಡೂ ಇಲ್ಲ. ಒಬ್ಬೊಬ್ಬಳದೂ ಪ್ರತ್ಯೇಕ ಸಂಸಾರ. ಕೆಲವು ನೆಲ ಅಗೆಯುತ್ತವೆ, ಕೆಲವು ಮರ ಕೊರೆಯುತ್ತವೆ, ಕೆಲವು ಖಾಲಿ ಬಸವನಹುಳದ ಚಿಪ್ಪನ್ನೇ ಮನೆ ಮಾಡಿಕೊಳ್ಳುತ್ತವೆ. ಇನ್ನು ಕೆಲವು ಸೋಮಾರಿಗಳು ಪಕ್ಕದವಳ ಗೂಡಿನಲ್ಲಿ ಮೊಟ್ಟೆಯಿಟ್ಟು ಜಾಗ ಖಾಲಿ ಮಾಡುತ್ತವೆ. ಇವಳು ಎಲೆ ಕತ್ತರಿಸುವವಳು. ಎಲೆಯಿಂದ ಪುಟ್ಟ ಕೋಣೆ ಸುತ್ತಿ, ಪರಾಗ ಕಲಸಿದ ಬುತ್ತಿ ಇಟ್ಟು, ಅದರ ಮೇಲೆ ಒಂದೇ ಮೊಟ್ಟೆ ಇಟ್ಟು, ದುಂಡನೆಯ ಮುಚ್ಚಳ ಹಾಕುತ್ತಾಳೆ. ಅದರ ಮುಂದೆ ಇನ್ನೊಂದು ಕೋಣೆ. ಹೆಣ್ಣುಮಕ್ಕಳು ಒಳಗೆ, ಗಂಡುಮಕ್ಕಳು ಬಾಗಿಲ ಹತ್ತಿರ. ಮೊದಲು ಹೊರಗೆ ಬರುವವರು ಗಂಡುಗಳು.

"ಬಾಣಂತಿ ಕೋಣೆಗೆ ಕಂಬಿ ಹಾಕಿಬಿಟ್ನಲ್ಲೇ" ಎಂದು ಮಾವ ಪೇಚಾಡಿದರು.

ಬೆಂಕಿಪೊಟ್ಟಣದಲ್ಲಿದ್ದ ಎಲೆತುಂಡನ್ನು ನೋಡುತ್ತಲೇ ನನಗೆ ಅತ್ತೆಯ ಗುಲಾಬಿ ನೆನಪಾಯಿತು. "ಮಾವ, ನಡೀರಿ, ಅತ್ತೆಗೆ ತೋರಿಸೋಣ. ಟೈಲರಕ್ಕನ ಮೇಲಿನ ಅಪವಾದ ಹೋಗುತ್ತೆ."

ಮಾವನ ಮುಖ ಇಳಿಯಿತು. "ಎಲ್ಲಿ ಸಿಕ್ತು ಅಂತ ಕೇಳ್ತಾಳಲ್ಲೇ? ಒಂದು ನೊಣ ಹಾಕಿದ ಬೀಗ ತೆಗೆಯೋಕಾಗ್ಲಿಲ್ಲ ಅಂತ ಗೊತ್ತಾದ್ರೆ ಈ ಬೀದೀಲಿ ತಲೆಯೆತ್ತಿ ಓಡಾಡೋದು ಹೇಗೆ?"

ಯಾರಿಗೂ ಹೇಳಕೂಡದೆಂದು ನನ್ನಿಂದ ಆಣೆ ಮಾಡಿಸಿಕೊಂಡು, ಇವತ್ತು ನಾಳೆ ಎಂದು ದಿನ ತಳ್ಳಿದರು. ನನಗೆ ಮೈಯೆಲ್ಲ ಉರಿಯಿತು. ಅತ್ತ ಎರಡು ಮನೆ ಮುರಿದುಕೊಂಡು ಕೂತಿವೆ, ಇತ್ತ ಈ ಮಹಾಶಯರು ಕಿಟಕಿಯಲ್ಲಿ ನುಸುಳುತ್ತಾ ಮರ್ಯಾದೆ ಕಾಯುತ್ತಿದ್ದಾರೆ. ಅಷ್ಟರಲ್ಲಿ ಬಾಣಂತಿ ಕೊನೆಯ ಮುಚ್ಚಳ ಬಡಿದು ಹೊರಟುಹೋದಳು. ಈ ಒಂಟಿ ಜೇನುಗಳಿಗೆ ಮಕ್ಕಳ ಮುಖ ನೋಡುವ ಭಾಗ್ಯ ಇರುವುದು ಅಪರೂಪ.

ಒಂದು ಸಂಜೆ ಮಾವ ಮನೆಗೆ ಬರುವಾಗ ಟೈಲರಕ್ಕನ ಕಿಟಕಿ ತೆರೆದಿತ್ತು. ಅವರು ಸೂಜಿಯನ್ನು ಬೆಳಕಿಗೆ ಹಿಡಿದು, ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ತೂರಿಸುತ್ತಿದ್ದರು. ದಾರ ಪಕ್ಕಕ್ಕೆ ಹೋಯಿತು. ಮತ್ತೆ ತೂರಿಸಿದರು, ಮತ್ತೆ ಪಕ್ಕಕ್ಕೆ. ಕೊನೆಗೆ ಸೂಜಿಯನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ಸುಮ್ಮನೆ ಕೂತರು. ರಂಧ್ರಗಳ ಜೊತೆಗೇ ಬಾಳಿದ ಮಾವನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ಹಾಗೇ ತಿರುಗಿ ಅಂಗಡಿಗೆ ಹೋದರು.

ತಿರುಪು ಬಿಚ್ಚಿ, ತಂದೆಯ ಬೀಗವನ್ನು ಎರಡೂ ಅಂಗೈಯಲ್ಲಿ ಎತ್ತಿಕೊಂಡು, ನಡುಬೀದಿಯಲ್ಲೇ ನಡೆದು ಬಂದರು. "ಏನು ಮಾವ, ಬೀಗ ಕೈಕೊಡ್ತಾ?" ಎಂದು ಯಾರೋ ನಕ್ಕರು.

"ಹೌದಪ್ಪ, ನನ್ನ ಕೈಲಿ ತೆಗೆಯೋಕಾಗ್ಲಿಲ್ಲ" ಎಂದರು ಮಾವ, ನಿಲ್ಲದೆ.

ಬೀಗ ಮೋಟುಗೋಡೆಯ ಮೇಲೆ ಕೂತಿತು. ಮಾವ ಇಬ್ಬರನ್ನೂ ಕೂಗಿ ಕರೆದು ಎಲ್ಲವನ್ನೂ ಹೇಳಿದರು, ಕಿಟಕಿಯ ಕಥೆ ಸಮೇತ. ನಾನು ಬೆಂಕಿಪೊಟ್ಟಣ ತೆರೆದೆ. ಅತ್ತೆ ಆ ಒಣಗಿದ ತುಂಡನ್ನು ಗುಲಾಬಿ ಎಲೆಯ ತೂತಿಗೆ ಹಿಡಿದರು. ಸರಿಯಾಗಿ ಕೂತಿತು. ಅತ್ತೆಗೆ ತಲೆಯೆತ್ತಲು ಆಗಲಿಲ್ಲ.

ಟೈಲರಕ್ಕ ಗೋಡೆಗೆ ಒರಗಿ, ಮೆಲ್ಲಗೆ ಹೇಳಿದರು: "ದಿನಾ ನನ್ನ ಸೂಜಿಗೆ ದಾರ ಹಾಕಿಕೊಡೋಳು ನೀನು. ಈ ಕಣ್ಣಲ್ಲಿ ಅಷ್ಟು ಸಣ್ಣಕೆ, ಅಷ್ಟು ದುಂಡಗೆ ಕತ್ತರಿಸೋಕಾಗುತ್ತೇನೇ? ಅವತ್ತು ಅಷ್ಟು ಜನರ ಮುಂದೆ ಅದನ್ನ ಹೇಗೆ ಹೇಳ್ಲಿ?"

ಅತ್ತೆ ಅತ್ತೇಬಿಟ್ಟರು. "ಕೋಪದಲ್ಲಿ ಅದೇ ಮರೆತುಹೋಯ್ತು ಕಣೇ. ತಪ್ಪಾಯ್ತು. ಡಬ್ಬಿ ಎಲ್ಲಿ?"

ಬೀಗ ಗೋಡೆಯ ಮೇಲೇ ಉಳಿಯಿತು. ಅಂಗಡಿಯ ಬಾಗಿಲಿಗೆ ಮಾವ ಹಗ್ಗ ಕಟ್ಟಿದರು. ಬೀಗದವನ ಅಂಗಡಿಗೆ ಹಗ್ಗ ಎಂದು ಬೀದಿಯೆಲ್ಲ ನಕ್ಕಿತು. "ಅದನ್ನ ಒಳಗಿರೋರೇ ತೆಕ್ಕೋತಾರೆ, ನೋಡ್ತಿರಿ" ಎಂದು ಮಾವ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಕೆಲವು ವಾರ ಕಳೆದು, ಒಂದು ಮಧ್ಯಾಹ್ನ, ಅತ್ತೆ ದಾರ ಪೋಣಿಸುತ್ತಿದ್ದವರು ಹಾಗೇ ಕೈ ತಡೆದರು. ಬೀಗದ ಬಾಯಲ್ಲಿ ಒಣಗಿದ ಎಲೆ ಅಲುಗುತ್ತಿತ್ತು.

"ಯಾಕೇ ನಿಲ್ಲಿಸ್ದೆ? ಏನಾಗ್ತಿದೆ ಅಲ್ಲಿ? ನಂಗೆ ಕಾಣಲ್ಲ" ಎಂದರು ಟೈಲರಕ್ಕ.

"ಇರು, ಹೇಳ್ತೀನಿ" ಎಂದು ಅತ್ತೆ ಅವರ ಕೈ ಹಿಡಿದುಕೊಂಡರು. "ಮೊದಲು ಎರಡು ಮೀಸೆ ಬಂತು..."